ಬಾಡಿಗೆ ಮನೆ ನೋಡಿಕೊಳ್ಳಲು ಯಾರನ್ನು ಗೊತ್ತು ಮಾಡಬೇಕು? ದಾವಣಗೆರೆ–ಚಿತ್ರದುರ್ಗದ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ದಾವಣಗೆರೆಯಲ್ಲಿ, ಮಾಲೀಕರು ಬೆಂಗಳೂರಿನಲ್ಲೋ ದುಬೈನಲ್ಲೋ. ಅಪ್ಪ ಕಟ್ಟಿಸಿದ ಮನೆ ಮಾರಲು ಮನಸ್ಸಿಲ್ಲ, ಬಂದು ನೋಡಿಕೊಳ್ಳಲು ಪುರುಸೊತ್ತಿಲ್ಲ. ಅಂಥವರು ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ಉತ್ತರಗಳ ಉದ್ದಕ್ಕೂ ಒಂದು ನಿಯಮ ಮತ್ತೆ ಮತ್ತೆ ಬರುತ್ತದೆ: ಓಡಾಟ ಉಸ್ತುವಾರಿಯವರದ್ದು, ಹಣ ಮತ್ತು ಸಹಿ ನಿಮ್ಮದು.

ಮೇಲೆ ನಾವೇ ಇದ್ದೇವೆ, ಕೆಳಗಿನ ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಉಸ್ತುವಾರಿ ಬೇಕೇ?

ಬೇಡ. ಪ್ಲಂಬರ್, ಎಲೆಕ್ಟ್ರಿಷಿಯನ್ ನಂಬರ್ ಇದ್ದರೆ ಸಾಕು.

ನೀವು ಊರಲ್ಲಿಲ್ಲದಿದ್ದರೆ, ಬೇರೆ ಬೇರೆ ಬಡಾವಣೆಯಲ್ಲಿ ಮೂರು ನಾಲ್ಕು ಮನೆಗಳಿದ್ದರೆ, ಅಥವಾ ವರ್ಷ ವರ್ಷ ಬದಲಾಗುವ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದರೆ ಬೇಕಾಗುತ್ತದೆ. ಒಂದು ಸಣ್ಣ ಲೆಕ್ಕ ನೋಡಿ. ಬಾಡಿಗೆ 12,000 ರೂ., ಉಸ್ತುವಾರಿ ಶುಲ್ಕ ಶೇ. 8 ಎಂದಿಟ್ಟುಕೊಂಡರೆ ತಿಂಗಳಿಗೆ 960, ವರ್ಷಕ್ಕೆ 11,520 ರೂ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಹೋಗುವುದು 12,000. ಅಂದರೆ ವರ್ಷದಲ್ಲಿ ಒಂದು ತಿಂಗಳ ಖಾಲಿ ಅವಧಿ ಉಳಿಸಿಕೊಟ್ಟರೂ ಅವರ ಶುಲ್ಕ ಅಲ್ಲಿಗೇ ಹುಟ್ಟುತ್ತದೆ. ಹತ್ತು ವರ್ಷದಿಂದ ಒಂದೇ ಕುಟುಂಬ ಇರುವ, ತಕರಾರಿಲ್ಲದ ಮನೆಗೆ ಈ ಖರ್ಚು ದಂಡ.

ಮನೆ ಬ್ರೋಕರ್‌ಗೂ ಉಸ್ತುವಾರಿಗೂ ಏನು ವ್ಯತ್ಯಾಸ?

ಬ್ರೋಕರ್ ಕೆಲಸ ಬಾಡಿಗೆದಾರರು ಬಂದು ಅಡ್ವಾನ್ಸ್ ಕೊಟ್ಟ ದಿನ ಮುಗಿಯುತ್ತದೆ. ಉಸ್ತುವಾರಿ ಕೆಲಸ ಆ ದಿನ ಶುರುವಾಗುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಪ್ರಾಪರ್ಟಿ ಮ್ಯಾನೇಜರ್ ಏನೇನು ಮಾಡಬೇಕು ಎಂಬ ಪಟ್ಟಿಯೇ ಇದೆ: ರಸೀದಿ ಕೊಟ್ಟು ಬಾಡಿಗೆ ವಸೂಲಿ, ಮಾಲೀಕರ ಪರವಾಗಿ ಅಗತ್ಯ ರಿಪೇರಿ, ಆಗಾಗ ಮನೆ ಪರಿಶೀಲನೆ, ಬಾಡಿಗೆದಾರರಿಗೆ ನೋಟಿಸ್, ಜಗಳ ಬಗೆಹರಿಸುವುದು. ರಾಜ್ಯಗಳು ಒಪ್ಪಿ ತಮ್ಮ ಕಾನೂನು ಮಾಡಿಕೊಂಡಾಗ ಮಾತ್ರ ಅದು ಅನ್ವಯವಾಗುತ್ತದೆ. ಆದರೂ ಬಾಡಿಗೆ ವಸೂಲಿ ಒಂದನ್ನು ಬಿಟ್ಟು, ನಿಮ್ಮ ಕರಾರಿನಲ್ಲಿ ಕೆಲಸ ಹಂಚಲು ಆ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳಬಹುದು.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ತೋರಿಸಿ ಬಲೆ ಬೀಸುವವರಿದ್ದಾರೆ. ಅದು ರೇರಾ ಯೋಜನೆಗಳ ಸೈಟು, ಫ್ಲ್ಯಾಟ್ ಮಾರಾಟ ಮಾಡಿಸುವ ಏಜೆಂಟರಿಗೆ ಬೇಕಾದದ್ದು. ಬಾಡಿಗೆ ಮನೆ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ.

ದಾವಣಗೆರೆಯಂಥ ಊರಲ್ಲಿ ಈ ಕೆಲಸ ಮಾಡುವವರು ಯಾರು?

ಬೆಂಗಳೂರಿನ ಹಾಗೆ ಆಪ್ ಇಟ್ಟುಕೊಂಡ ದೊಡ್ಡ ಕಂಪನಿಗಳನ್ನು ಇಲ್ಲಿ ಹುಡುಕಿಕೊಂಡು ಕೂರಬೇಡಿ. ಸಾಮಾನ್ಯವಾಗಿ ಸಿಗುವವರು ಬಡಾವಣೆಯ ಬ್ರೋಕರ್, ನಿವೃತ್ತ ನೌಕರರು, ಸಣ್ಣ ಕಂಟ್ರಾಕ್ಟರ್, ಆಡಿಟರ್ ಕಚೇರಿಯವರು. ಬ್ರೋಕರ್‌ಗೆ ಬಾಡಿಗೆದಾರರು ಬೇಗ ಸಿಗುತ್ತಾರೆ, ಲೆಕ್ಕ ಸಡಿಲ. ನಿವೃತ್ತರ ಲೆಕ್ಕ ಅಚ್ಚುಕಟ್ಟು, ರಾತ್ರಿ ಪೈಪ್ ಒಡೆದರೆ ಬರಲಾರರು. ಕಂಟ್ರಾಕ್ಟರ್‌ಗೆ ರಿಪೇರಿ ಗೊತ್ತು, ಆದರೆ ರಿಪೇರಿ ಅವರದೇ ವ್ಯಾಪಾರವಾದ್ದರಿಂದ ಪ್ರತಿ ಬಿರುಕೂ ದೊಡ್ಡದಾಗಿ ಕಾಣುತ್ತದೆ. ನಮ್ಮ ಆಯ್ಕೆ: ಬಾಡಿಗೆದಾರರನ್ನು ಹುಡುಕಲು ಬ್ರೋಕರ್, ತಿಂಗಳ ಉಸ್ತುವಾರಿಗೆ ಬೇರೆಯವರು. ಇಬ್ಬರೂ ಒಬ್ಬರೇ ಆದರೆ ಬಾಡಿಗೆದಾರರು ಪದೇ ಪದೇ ಬದಲಾದಷ್ಟೂ ಅವರಿಗೆ ಲಾಭ.

ಇನ್ನೊಂದು, ಅವರ ಮನೆ ನಿಮ್ಮ ಮನೆಗೆ ಹತ್ತಿರವಿರಲಿ. ನಿಟ್ಟುವಳ್ಳಿಯ ಮನೆಗೆ ಹರಿಹರದಿಂದ ಬರುವವರು ಮೊದಲ ಮೂರು ತಿಂಗಳು ಬರುತ್ತಾರೆ, ಆಮೇಲೆ ಫೋನಿನಲ್ಲೇ ಮುಗಿಸುತ್ತಾರೆ.

ಮೊದಲ ಭೇಟಿಯಲ್ಲಿ ಏನು ಕೇಳಬೇಕು?

"ನಂಬಿಕಸ್ತರಾ?" ಎಂದು ಕೇಳಿ ಪ್ರಯೋಜನವಿಲ್ಲ. ಈಗ ಎಷ್ಟು ಮನೆ ನೋಡಿಕೊಳ್ಳುತ್ತಿದ್ದೀರಿ, ಅದರಲ್ಲಿ ಇವತ್ತು ಎಷ್ಟು ಖಾಲಿ, ಎಷ್ಟು ದಿನದಿಂದ ಖಾಲಿ ಎಂದು ಕೇಳಿ. ಬೇರೆ ಮಾಲೀಕರಿಗೆ ಕಳಿಸಿದ ಹೋದ ತಿಂಗಳ ಲೆಕ್ಕವನ್ನು ಹೆಸರು ಮುಚ್ಚಿ ತೋರಿಸಿ ಎನ್ನಿ. ಲೆಕ್ಕವೇ ಇಲ್ಲ, ಎಲ್ಲ ಬಾಯಲ್ಲೇ ಎಂದರೆ ಎದ್ದು ಬನ್ನಿ. ಇಬ್ಬರು ಮಾಲೀಕರ ನಂಬರ್ ಕೇಳಿ, ಅದರಲ್ಲಿ ಒಬ್ಬರು ಇವರನ್ನು ಬಿಟ್ಟವರಾಗಿರಲಿ. ಬಿಟ್ಟವರ ಮಾತಿನಲ್ಲಿ ಸಿಟ್ಟು ಇರುತ್ತದೆ, ಅದನ್ನು ಕಳೆದು ಕೇಳಿಸಿಕೊಂಡರೆ ವಿಷಯ ಸಿಗುತ್ತದೆ.

ಅದಕ್ಕಿಂತ ಒಳ್ಳೆಯ ಪರೀಕ್ಷೆ ಎರಡಿವೆ. ಅವರು ನೋಡಿಕೊಳ್ಳುವ ಒಂದು ಮನೆಗೆ ಹೋಗಿ ಬಾಡಿಗೆದಾರರನ್ನೇ ಮಾತಾಡಿಸಿ: ನಲ್ಲಿ ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತಾರೆ, ಬಾಡಿಗೆಗೆ ರಸೀದಿ ಕೊಡುತ್ತಾರಾ? ಇನ್ನೊಂದು, ಅವರು ಹಾಕಿರುವ "ಮನೆ ಬಾಡಿಗೆಗೆ ಇದೆ" ಬೋರ್ಡಿನ ನಂಬರಿಗೆ ಮನೆ ಬೇಕಾದವರಂತೆ ಗೆಳೆಯರಿಂದ ಫೋನ್ ಮಾಡಿಸಿ. ಎತ್ತುತ್ತಾರಾ, ಮನೆ ತೋರಿಸಲು ಯಾವಾಗ ಬರುತ್ತಾರೆ, ಮಾತು ಹೇಗಿದೆ ಎಲ್ಲ ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಶುಲ್ಕ ಎಷ್ಟು, ಹೇಗೆ ನಿಗದಿ ಮಾಡುವುದು?

ತಿಂಗಳ ಬಾಡಿಗೆಯ ಶೇ. 5ರಿಂದ 10 ಸಾಮಾನ್ಯವಾಗಿ ಕೇಳುವ ದರ. ಕಡಿಮೆ ಬಾಡಿಗೆಯ ಮನೆಗಳಿಗೆ ಇಂತಿಷ್ಟು ಎಂದು ಒಂದೇ ಮೊತ್ತ ಮಾಡಿಕೊಳ್ಳುವುದೂ ಉಂಟು. ಹೊಸ ಬಾಡಿಗೆದಾರರನ್ನು ತಂದರೆ ಅರ್ಧ ಅಥವಾ ಒಂದು ತಿಂಗಳ ಬಾಡಿಗೆ ಕಮಿಷನ್. ದರಕ್ಕಿಂತ ಷರತ್ತು ಮುಖ್ಯ.

ಶುಲ್ಕ "ಬರಬೇಕಾದ" ಬಾಡಿಗೆಯ ಮೇಲಲ್ಲ, "ಕೈಗೆ ಬಂದ" ಬಾಡಿಗೆಯ ಮೇಲೆ ಎಂದು ಬರೆಸಿ. ಮನೆ ಖಾಲಿ ಇದ್ದಾಗ ಶುಲ್ಕವಿಲ್ಲ, ಅಥವಾ ಕಸ ಗುಡಿಸಿ ನೀರು ಬಿಟ್ಟು ನೋಡಿಕೊಳ್ಳಲು ಒಂದು ಸಣ್ಣ ಮೊತ್ತ ಮಾತ್ರ. ಅದೇ ಬಾಡಿಗೆದಾರರ ಕರಾರು ನವೀಕರಿಸಿದರೆ ಕಮಿಷನ್ ಇಲ್ಲ, ಕಾಗದದ ಖರ್ಚು ಅಷ್ಟೇ. ಇವರು ತಂದವರು 11 ತಿಂಗಳೊಳಗೆ ಬಿಟ್ಟುಹೋದರೆ ಮುಂದಿನವರನ್ನು ಕಮಿಷನ್ ಇಲ್ಲದೆ ಅಥವಾ ಅರ್ಧಕ್ಕೆ ತರಬೇಕು. ರಿಪೇರಿ ಬಿಲ್ಲಿನ ಮೇಲೆ ಶೇಕಡಾವಾರು ಕೇಳಿದರೆ ಒಪ್ಪಬೇಡಿ. ಬಿಲ್ ಬೆಳೆದಷ್ಟೂ ಅವರ ಪಾಲು ಬೆಳೆಯುತ್ತದೆ.

ಶೇ. 18 ಜಿಎಸ್‌ಟಿ ಸೇರಿಸಿದರೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇರಬೇಕು. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಇನ್ನು, ಈ ಶುಲ್ಕವನ್ನು ಬಾಡಿಗೆ ಆದಾಯದಲ್ಲಿ ಬೇರೆಯಾಗಿ ಕಳೆಯಲು ಆಗುವುದಿಲ್ಲ. ಆದಾಯ ತೆರಿಗೆಯಲ್ಲಿ ಮನೆ ಬಾಡಿಗೆಗೆ ಸಿಗುವ ಶೇ. 30ರ ಕಡಿತದೊಳಗೇ ರಿಪೇರಿ, ಉಸ್ತುವಾರಿ ಎಲ್ಲ ಬಂತು.

ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೊಡಬೇಕೇ?

ಸಾಮಾನ್ಯವಾಗಿ ಬೇಡ. ಬಾಡಿಗೆ ಕರಾರನ್ನು ಕೊರಿಯರ್‌ನಲ್ಲಿ ತರಿಸಿಕೊಂಡು ನೀವೇ ಸಹಿ ಹಾಕಿ ಕಳಿಸಬಹುದು. ಬೆಂಗಳೂರಿನಿಂದ ದಾವಣಗೆರೆ 260 ಕಿ.ಮೀ., ವರ್ಷಕ್ಕೊಮ್ಮೆ ಬಂದು ಹೋಗಲಾರದ ದೂರವೇನಲ್ಲ.

ವಿದೇಶದಲ್ಲಿದ್ದು ಕೊಡಲೇಬೇಕಾದರೆ ಸಾಮಾನ್ಯ ಅಧಿಕಾರ ಪತ್ರ ಕೊಡದೆ, ಇಂಥ ಮನೆ, ಇಂಥ ಕೆಲಸ ಎಂದು ಸೀಮಿತಗೊಳಿಸಿದ ವಿಶೇಷ ಅಧಿಕಾರ ಪತ್ರ ಕೊಡಿ. ಏನು ಮಾಡಬಹುದು ಎಂಬುದಕ್ಕಿಂತ ಏನು ಮಾಡಬಾರದು ಎಂಬುದನ್ನು ಅದರಲ್ಲಿ ಬಿಡಿಸಿ ಬರೆಸಿ: ಮಾರಾಟ, ಅಡಮಾನ, ಭೋಗ್ಯ, 11 ತಿಂಗಳಿಗಿಂತ ಹೆಚ್ಚಿನ ಕರಾರು, ಅಡ್ವಾನ್ಸ್ ತನ್ನ ಕೈಗೆ ಪಡೆಯುವುದು, ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದು. ವಿದೇಶದಲ್ಲಿ ಭಾರತೀಯ ದೂತಾವಾಸದ ಮುಂದೆ ಸಹಿ ಮಾಡಿದ ಪತ್ರಕ್ಕೆ, ಅದು ಭಾರತ ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿ ಛಾಪಾ ಶುಲ್ಕ ಕಟ್ಟಬೇಕು. ಬಹಳ ಜನ ಮರೆಯುವುದು ಇದನ್ನೇ. ಕೋರ್ಟಿಗೆ ಹೋದ ದಿನ ಪತ್ರ ಕೆಲಸಕ್ಕೆ ಬರುವುದಿಲ್ಲ.

ಉಸ್ತುವಾರಿಯವರೇ ಮನೆಯನ್ನು ಭೋಗ್ಯಕ್ಕೆ ಕೊಟ್ಟು ಮೋಸ ಮಾಡುತ್ತಾರಂತೆ. ಅದು ಹೇಗೆ?

ಇದನ್ನು ನಿಧಾನವಾಗಿ ಓದಿ, ಮನೆ ಮಾಲೀಕರಿಗೆ ಆಗುವ ದೊಡ್ಡ ನಷ್ಟ ಇದೇ.

ಉಸ್ತುವಾರಿಯವರು ನಿಮಗೆ ಹೇಳುವುದು: ಮನೆ ತಿಂಗಳಿಗೆ 12,000ಕ್ಕೆ ಬಾಡಿಗೆಗೆ ಹೋಗಿದೆ. ಬಾಡಿಗೆದಾರರಿಗೆ ಹೇಳುವುದು: ಮಾಲೀಕರು ಭೋಗ್ಯಕ್ಕೆ ಕೊಡುತ್ತಾರೆ, 7 ಲಕ್ಷ ಕಟ್ಟಿ, ಮೂರು ವರ್ಷ ಬಾಡಿಗೆ ಇಲ್ಲದೆ ಇರಿ, ಬಿಡುವಾಗ ಪೂರ್ತಿ ವಾಪಸ್. 7 ಲಕ್ಷ ಅವರ ಕೈಗೆ ಹೋಗುತ್ತದೆ, ಅದರಿಂದಲೇ ತಿಂಗಳಿಗೆ 12,000 ನಿಮ್ಮ ಖಾತೆಗೆ ಬೀಳುತ್ತದೆ. ಮೂರು ವರ್ಷಕ್ಕೆ ನಿಮಗೆ ಕೊಟ್ಟದ್ದು 4,32,000. ಉಳಿದ ಹಣ ಬೇರೆಲ್ಲೋ ತೊಡಗಿರುತ್ತದೆ. ಅವಧಿ ಮುಗಿದಾಗ ಇನ್ನೊಂದು ಮನೆಯ ಭೋಗ್ಯದ ಹಣ ತಂದು ಇದನ್ನು ತೀರಿಸುತ್ತಾರೆ. ಸರಪಳಿ ಎಲ್ಲೋ ಒಂದು ಕಡೆ ಕಡಿದ ದಿನ ಫೋನ್ ಸ್ವಿಚ್ ಆಫ್. ಬಾಡಿಗೆದಾರರು "ನನ್ನ 7 ಲಕ್ಷ ಕೊಡಿ, ಆಮೇಲೆ ಬಿಡುತ್ತೇನೆ" ಎನ್ನುತ್ತಾರೆ. ನೀವು ಕೊಟ್ಟ ಅಧಿಕಾರ ಪತ್ರ ನೋಡಿಯೇ ನಂಬಿದೆ ಎಂದು ಅವರು ವಾದಿಸಿದರೆ ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ, ಏಕೆಂದರೆ ಏಜೆಂಟನಿಗೆ ಅಧಿಕಾರವಿದೆ ಎಂಬ ನಂಬಿಕೆ ನಿಮ್ಮಿಂದಲೇ ಹುಟ್ಟಿದ್ದರೆ 1872ರ ಕರಾರು ಕಾಯ್ದೆ ನಿಮ್ಮನ್ನೂ ಕಟ್ಟಿಹಾಕುತ್ತದೆ.

ಬಾಡಿಗೆ ತಪ್ಪದೆ ಬರುತ್ತಿರುವುದರಿಂದ ಅನುಮಾನವೇ ಬರುವುದಿಲ್ಲ. ಆದರೆ ಸುಳಿವು ಇರುತ್ತದೆ. ಹಣ ಯಾವಾಗಲೂ ಉಸ್ತುವಾರಿ ಖಾತೆಯಿಂದಲೇ ಬರುತ್ತದೆ. ಬಾಡಿಗೆದಾರರ ನಂಬರ್ ಕೇಳಿದರೆ ಏನೋ ನೆವ. ಸಂಬಳದ ಕೆಲಸದಲ್ಲಿದ್ದರೂ ಬಾಡಿಗೆದಾರರು ಎಂದೂ ನಿಮ್ಮ ಪ್ಯಾನ್ ನಂಬರ್ ಕೇಳಿಲ್ಲ, ಆದರೆ ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆಗೆ ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ವಿನಾಯಿತಿ ಪಡೆಯಲು ಮಾಲೀಕರ ಪ್ಯಾನ್ ಬೇಕೇ ಬೇಕು. ಕೊನೆಯದು, ಬಾಡಿಗೆ ಹೆಚ್ಚಿಸಿ ಎಂದರೆ ಉಸ್ತುವಾರಿಯವರು ಬಾಡಿಗೆದಾರರನ್ನು ಕೇಳದೆಯೇ ಒಪ್ಪಿಬಿಡುತ್ತಾರೆ.

ತಡೆಯುವುದು ಕಷ್ಟವಲ್ಲ. ಕರಾರಿಗೆ ನಿಮ್ಮದೇ ಸಹಿ. ಸಹಿಗೆ ಮುಂಚೆ ಬಾಡಿಗೆದಾರರ ಜೊತೆ ವಿಡಿಯೊ ಕರೆ, ಅದರಲ್ಲಿ ಬಾಡಿಗೆ, ಅಡ್ವಾನ್ಸ್ ಎಷ್ಟೆಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ. ಅಡ್ವಾನ್ಸ್, ಬಾಡಿಗೆ ಎರಡೂ ಬಾಡಿಗೆದಾರರ ಖಾತೆಯಿಂದ ನೇರ ನಿಮ್ಮ ಖಾತೆಗೆ. ಶುಲ್ಕವನ್ನು ಆಮೇಲೆ ನೀವು ಕಳಿಸಿ. "ನಾನೇ ವಸೂಲಿ ಮಾಡಿ, ಕಳೆದು ಕಳಿಸುತ್ತೇನೆ" ಎಂದು ಹಟ ಹಿಡಿಯುವವರಿಗೆ ಮನೆ ಕೊಡಬೇಡಿ.

ಬಾಡಿಗೆ ಕರಾರು 11 ತಿಂಗಳಿಗೇ ಏಕೆ?

ಒಂದು ವರ್ಷ ಮೀರಿದ ಕರಾರನ್ನು ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು, ಅದಕ್ಕೆ. ನೋಂದಣಿ ಇಲ್ಲದ ಮೂರು ವರ್ಷದ ಕಾಗದ ಆ ಅವಧಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡಲಾರದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತೀರಾ ಕಡಿಮೆ ಬಾಡಿಗೆಯ ಮನೆಗಳಿಗಷ್ಟೇ ಸೀಮಿತ. ಉಳಿದವು 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ ಬರುತ್ತವೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಗೆ ಲಿಖಿತವಾಗಿ 15 ದಿನದ ನೋಟಿಸ್ ಸಾಕು. ಒಂದು ಅಥವಾ ಎರಡು ತಿಂಗಳ ನೋಟಿಸ್ ಎಂದು ಬರೆಸಿದ್ದರೆ ಅದೇ ನಡೆಯುತ್ತದೆ.

ಬಾಡಿಗೆ ಕೊಡದವರ ಕರೆಂಟ್, ನೀರು ಕಟ್ ಮಾಡಿಸುತ್ತೇನೆ, ಬೀಗ ಜಡಿಯುತ್ತೇನೆ ಎಂದು ಹೇಳಿಕೊಳ್ಳುವ ಉಸ್ತುವಾರಿ ಬೇಡ. ಕೇಸ್ ಬಂದರೆ ಅವರ ಹೆಸರಿನ ಜೊತೆ ನಿಮ್ಮ ಹೆಸರೂ ಇರುತ್ತದೆ.

ಬಾಡಿಗೆದಾರರ ಬಗ್ಗೆ ಅವರು ಏನೇನು ವಿಚಾರಿಸಬೇಕು?

ಆಧಾರ್ ಪ್ರತಿ, ಕೆಲಸದ ಗುರುತಿನ ಚೀಟಿ, ಹಿಂದಿನ ಮನೆ ಮಾಲೀಕರ ಜೊತೆ ಒಂದು ಫೋನ್ ಮಾತು, ಠಾಣೆಗೆ ಬಾಡಿಗೆದಾರರ ಮಾಹಿತಿ. ವಿದೇಶಿಯರಿಗೆ ಕೊಟ್ಟರೆ 24 ಗಂಟೆಯೊಳಗೆ ಅವರ ಮಾಹಿತಿಯನ್ನು ಸರ್ಕಾರಕ್ಕೆ ಸಲ್ಲಿಸಬೇಕು.

ದಾವಣಗೆರೆಯ ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್, ಶಾಮನೂರು ರಸ್ತೆ ಕಡೆ ಮೆಡಿಕಲ್, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚು. ನಾಲ್ವರು ಸೇರಿ ಮನೆ ಹಿಡಿದರೆ ನಾಲ್ವರ ಸಹಿಯೂ ಒಂದೇ ಕರಾರಿನಲ್ಲಿರಲಿ. ಒಬ್ಬ ನಡುವೆ ಬಿಟ್ಟರೂ ಪೂರ್ತಿ ಬಾಡಿಗೆ ಉಳಿದವರದ್ದು ಎಂಬ ಮಾತು, ಪೋಷಕರ ನಂಬರ್, ಕಾಲೇಜಿನ ಗುರುತಿನ ಚೀಟಿ ಇರಲಿ. "ಒಟ್ಟಿಗೆ ಇಷ್ಟು ಕೊಡುತ್ತೇನೆ, ಯಾರನ್ನು ಇಟ್ಟುಕೊಂಡರೂ ಕೇಳಬೇಡಿ" ಎಂದು ಉಸ್ತುವಾರಿಯವರೇ ಕೇಳಿದರೆ, ಅವರು ನಿಮ್ಮ ಮನೆಯಲ್ಲಿ ಪಿಜಿ ನಡೆಸಲು ಹೊರಟಿದ್ದಾರೆ. ಪಿಜಿಗೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು, ಸವೆತವೂ ಹೆಚ್ಚು.

ರಿಪೇರಿ ಖರ್ಚಿಗೆ ಮಿತಿ ಹಾಕುವುದು ಹೇಗೆ?

ಮೊತ್ತ ಬರೆದಿಡಿ. ಉದಾಹರಣೆಗೆ 2,000 ರೂ. ತನಕ ಕೇಳದೆ ಮಾಡಿಸಬಹುದು, ಅದಕ್ಕೆ ಮೀರಿದರೆ ಫೋಟೊ ಮತ್ತು ಎರಡು ಕಡೆಯ ಅಂದಾಜು. ಪೈಪ್ ಒಡೆಯುವುದು, ಒಳಚರಂಡಿ ಚೇಂಬರ್ ಕಟ್ಟಿಕೊಳ್ಳುವುದು, ಶಾರ್ಟ್ ಸರ್ಕ್ಯೂಟ್ ಈ ಮೂರಕ್ಕೆ 5,000 ತನಕ ತಕ್ಷಣ ಮಾಡಿಸಿ ಅದೇ ದಿನ ತಿಳಿಸಬೇಕು.

ಬಿಲ್ ಹೆಚ್ಚು ಉಬ್ಬುವುದು ಬೋರ್‌ವೆಲ್ ಮೋಟಾರ್‌ನಲ್ಲಿ. "ಮೋಟಾರ್ ಸುಟ್ಟಿದೆ, ಎತ್ತಿಸಬೇಕು" ಎಂದ ಕೂಡಲೇ ಹೂಂ ಅನ್ನಬೇಡಿ. ಮೊದಲು ಪ್ಯಾನಲ್‌ಗೆ ವೋಲ್ಟೇಜ್ ಸರಿಯಾಗಿ ಬರುತ್ತಿದೆಯೇ, ಆಮೇಲೆ ಸ್ಟಾರ್ಟರ್, ಕೆಪಾಸಿಟರ್. ಸಿಂಗಲ್ ಫೇಸ್ ಮೋಟಾರ್ ಗುಂಯ್ ಎಂದು ನಿಂತರೆ ಹಲವು ಬಾರಿ ಹೋಗಿರುವುದು ಕೆಲವೇ ನೂರು ರೂಪಾಯಿಯ ಕೆಪಾಸಿಟರ್. ಅದನ್ನು ಬದಲಿಸಿ ನೋಡಿದ ಮೇಲೂ ಓಡದಿದ್ದರೆ ಎತ್ತುವ ಮಾತು. ರಿವೈಂಡಿಂಗ್ (ಮೋಟಾರ್‌ಗೆ ಹೊಸ ತಂತಿ ಸುತ್ತುವುದು) ಆದರೆ ಬಿಚ್ಚಿದ ಹಳೆ ತಾಮ್ರದ ತಂತಿಯ ಬೆಲೆ ಬಿಲ್ಲಿನಲ್ಲಿ ಕಳೆದಿದೆಯೇ ನೋಡಿ. ನೀರಿಲ್ಲದೆ ಓಡಿ ಸುಟ್ಟಿದ್ದರೆ, ನೀರು ಇಳಿದಾಗ ತಾನೇ ನಿಲ್ಲಿಸುವ ಡ್ರೈ ರನ್ ಸಾಧನ ಹಾಕಿಸದೆ ಹೊಸ ಮೋಟಾರ್ ಇಳಿಸುವುದು ದುಡ್ಡನ್ನು ಬೋರ್‌ವೆಲ್‌ಗೆ ಸುರಿದಂತೆ.

ಬಣ್ಣದ ಬಿಲ್ "ಒಂದು ಮನೆಗೆ ಇಷ್ಟು" ಎಂದಿರಬಾರದು. ಚದರ ಅಡಿ, ಎಷ್ಟು ಕೋಟ್, ಗೋಡೆಗೆ ಪುಟ್ಟಿ ಎಳೆಸಿದ್ದಾರೆಯೇ ಎಂಬ ವಿವರ ಬೇಕು. ತಾರಸಿ ಸೋರುವುದಿದ್ದರೆ ಮೇ ಒಳಗೆ ಮುಗಿಯಲಿ. ಮಳೆ ಹಿಡಿದ ಮೇಲೆ ಮಾಡಿಸಿದ ವಾಟರ್‌ಪ್ರೂಫಿಂಗ್ ಒಣಗದೆ ಏಳುತ್ತದೆ.

ಕರೆಂಟ್, ನೀರಿನ ವಿಷಯದಲ್ಲಿ ಏನು ಗಮನಿಸಬೇಕು?

ಎರಡೂ ಜಿಲ್ಲೆ ಬೆಸ್ಕಾಂ ವ್ಯಾಪ್ತಿಗೆ ಬರುತ್ತವೆ. ಬಾಡಿಗೆದಾರರು ಗೃಹಜ್ಯೋತಿ ಪಡೆಯಲು ತಮ್ಮ ಆಧಾರ್ ಅನ್ನು ನಿಮ್ಮ ಮೀಟರ್‌ಗೆ ಜೋಡಿಸಿರುತ್ತಾರೆ. ಬಿಡುವಾಗ ಅದನ್ನು ತೆಗೆಸದಿದ್ದರೆ ಹೊಸಬರು ಜೋಡಿಸುವಾಗ ತೊಡಕು. ಹಾಗಾಗಿ ಆಧಾರ್ ಜೋಡಣೆ ತೆಗೆಸಿದ್ದು, ಕೊನೆಯ ಬಿಲ್ ಕಟ್ಟಿದ್ದು ಎರಡೂ ನೋಡಿದ ಮೇಲೆಯೇ ಅಡ್ವಾನ್ಸ್ ವಾಪಸ್. ಬಾಕಿ ಉಳಿದರೆ ಅದು ಆರ್.ಆರ್. ನಂಬರಿಗೆ (ವಿದ್ಯುತ್ ಸಂಪರ್ಕದ ಸಂಖ್ಯೆ), ಅಂದರೆ ನಿಮಗೆ ಅಂಟಿಕೊಳ್ಳುತ್ತದೆ. ಮನೆ ಮೀಟರ್‌ನಲ್ಲಿ ಅಂಗಡಿ, ಟ್ಯೂಷನ್ ಸೆಂಟರ್ ಶುರುವಾಗಿದೆಯೇ ಎಂದು ಉಸ್ತುವಾರಿಯವರು ನೋಡುತ್ತಿರಬೇಕು. ಬೆಸ್ಕಾಂ ದಂಡ ಹಾಕುವುದು ಸಂಪರ್ಕ ಯಾರ ಹೆಸರಲ್ಲಿದೆಯೋ ಅವರಿಗೆ.

ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಕಡೆ ಸಂಪ್ ತುಂಬಿಸುವವರು ಯಾರು, ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು ಎಂದು ಕರಾರಿನಲ್ಲೇ ಬರೆಯಿರಿ. ಚಿತ್ರದುರ್ಗದ ಕಡೆ ಬೋರ್ ನೀರಿನ ಗಡಸುತನದಿಂದ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿ ಬೇಗ ಹೋಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸುವುದನ್ನು ಉಸ್ತುವಾರಿ ಪಟ್ಟಿಗೆ ಸೇರಿಸಿ.

ಕಂದಾಯ ಯಾರು ಕಟ್ಟಬೇಕು?

ನೀವೇ, ಆನ್‌ಲೈನ್‌ನಲ್ಲಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ. ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ ಏರುತ್ತಾ ಹೋಗುತ್ತದೆ. ಉಸ್ತುವಾರಿಯವರಿಗೆ ನಗದು ಕೊಟ್ಟು ಕಟ್ಟಿಸುವ ಪದ್ಧತಿ ಬಿಡಿ.

ನಾವು ವಿದೇಶದಲ್ಲಿದ್ದೇವೆ. ಬೇರೆ ಏನಾದರೂ ಇದೆಯೇ?

ಇದೆ, ಇದನ್ನು ಇಲ್ಲಿನ ಬಹಳ ಉಸ್ತುವಾರಿಗಳಿಗೆ ಹೇಳಿಕೊಡಬೇಕಾಗುತ್ತದೆ. ಮಾಲೀಕರು ಎನ್‌ಆರ್‌ಐ ಆದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರು ಶೇ. 30 ತೆರಿಗೆ ಮತ್ತು ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. 12,000ಕ್ಕೆ ಅದು 3,744 ರೂ. ಆಗುತ್ತದೆ. ಉಳಿದ ಹಣ ನಿಮ್ಮ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳ ಭಾರತದ ಆದಾಯಕ್ಕಿರುವ ಬ್ಯಾಂಕ್ ಖಾತೆ). ಭಾರತದಲ್ಲಿ ನಿಮ್ಮ ಆದಾಯ ಕಡಿಮೆಯಿದ್ದರೆ ಕಡಿಮೆ ದರದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಬಹುದು. ಉಸ್ತುವಾರಿ ಜೊತೆಗೆ ಒಬ್ಬ ಆಡಿಟರ್ ಇಲ್ಲದೆ ಇದು ನಡೆಯದು.

ಸಂಬಂಧಿಕರೇ ನೋಡಿಕೊಂಡರೆ ಒಳ್ಳೆಯದಲ್ಲವೇ?

ಚಿಕ್ಕಪ್ಪನೋ ಭಾವನೋ ನೋಡಿಕೊಂಡರೆ ಶುಲ್ಕ ಉಳಿಯುತ್ತದೆ, ಆದರೆ ಲೆಕ್ಕ ಕೇಳಲು ನಾಲಿಗೆ ಹೊರಳುವುದಿಲ್ಲ. ಬಾಡಿಗೆ ನೇರ ನಿಮ್ಮ ಖಾತೆಗೆ ಬರುವಂತೆ ಮಾಡಿ, ಓಡಾಟಕ್ಕೆ ತಿಂಗಳಿಗೆ ಇಷ್ಟು ಎಂದು ಅವರು ಬೇಡವೆಂದರೂ ಕೊಡಿ. ಹಣ ಕೊಟ್ಟ ಮೇಲೆ ಮೋಟಾರ್ ಬಿಲ್ ಕಳಿಸಿ ಎನ್ನಲು ಸಂಕೋಚ ಇರುವುದಿಲ್ಲ.

ತಿಂಗಳ ಲೆಕ್ಕ ಹೇಗಿರಬೇಕು?

ಒಂದು ಪುಟ ಸಾಕು. ಪ್ರತಿ ಮನೆಗೆ ಬಾಡಿಗೆ ಬಂದ ತಾರೀಖು, ಬಾಕಿ, ರಿಪೇರಿ ಬಿಲ್ಲುಗಳ ಫೋಟೊ, ಅವರ ಶುಲ್ಕ. ಮೂರು ತಿಂಗಳಿಗೊಮ್ಮೆ ಬಾಡಿಗೆದಾರರಿಗೆ ಮೊದಲೇ ತಿಳಿಸಿ ಮನೆಯೊಳಗೆ ಹೋಗಿ ವಿಡಿಯೊ: ಬಚ್ಚಲು ಗೋಡೆಯ ತೇವ, ಅಡುಗೆಮನೆ ಸಿಂಕಿನ ಕೆಳಗೆ, ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ವಾಲ್ವ್. ಹೊಸಬರು ಬರುವ ದಿನ, ಬಿಡುವ ದಿನ ಎರಡೂ ಸಲ ಮೀಟರ್ ರೀಡಿಂಗ್, ಫ್ಯಾನ್, ನಲ್ಲಿ, ಕೀಲಿಗಳ ಎಣಿಕೆ ಮಾಡಿ ಸಹಿ ಪಡೆಯಬೇಕು. ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯಬೇಕು ಎಂಬ ಜಗಳ ಅರ್ಧ ಇಲ್ಲೇ ಮುಗಿಯುತ್ತದೆ. ಏಜೆಂಟ್ ಆದವರು ಕೇಳಿದಾಗ ಲೆಕ್ಕ ಒಪ್ಪಿಸಬೇಕೆಂದು ಕರಾರು ಕಾಯ್ದೆಯೇ ಹೇಳುತ್ತದೆ, ಕೇಳುವುದು ಅಪನಂಬಿಕೆಯಲ್ಲ.

ಉಸ್ತುವಾರಿಯನ್ನು ಬಿಡಿಸುವುದು ಹೇಗೆ?

ಮೊದಲೇ ಕರಾರಿನಲ್ಲಿ 30 ದಿನದ ನೋಟಿಸ್, ಹಣದ ಮೋಸವಾದರೆ ತಕ್ಷಣ ಎಂದು ಬರೆಸಿರಿ. ಶುರುವಿನಲ್ಲಿ ಒಂದೇ ಮನೆ ಕೊಟ್ಟು ಮೂರು ತಿಂಗಳು ನೋಡಿ, ಆಮೇಲೆ ಉಳಿದವನ್ನು ಕೊಡುವುದು ಜಾಣತನ.

ಬಿಡಿಸುವ ದಿನ ಅವರಿಗೆ ಪತ್ರ ಕೊಡುವ ಮುಂಚೆಯೇ ಬಾಡಿಗೆದಾರರಿಗೆಲ್ಲ ನಿಮ್ಮ ಸಹಿಯ ಪತ್ರ ಮುಟ್ಟಲಿ: ಇಂಥ ತಾರೀಖಿನಿಂದ ಇವರಿಗೆ ಹಣ ಕೊಡಬೇಡಿ, ಕೊಟ್ಟರೆ ನಾವು ಜವಾಬ್ದಾರರಲ್ಲ. ಅಧಿಕಾರ ಪತ್ರ ಕೊಟ್ಟಿದ್ದರೆ ಲಿಖಿತವಾಗಿ ರದ್ದು ಮಾಡಿ, ಅದು ನೋಂದಣಿ ಆಗಿದ್ದರೆ ರದ್ದತಿಯನ್ನೂ ನೋಂದಣಿ ಮಾಡಿಸಿ. ಮೂಲ ಕರಾರುಗಳು, ಕಂದಾಯದ ರಸೀದಿ, ಕೀಲಿಗಳನ್ನು ಪಟ್ಟಿ ಮಾಡಿ ವಾಪಸ್ ಪಡೆಯಿರಿ. ಬೆಸ್ಕಾಂ, ಪಾಲಿಕೆ ಖಾತೆಗಳಲ್ಲಿ ಅವರ ಮೊಬೈಲ್ ನಂಬರ್ ಇದ್ದರೆ ಬದಲಿಸಿ, ಇಲ್ಲವಾದರೆ ಒಟಿಪಿ ಅವರಿಗೇ ಹೋಗುತ್ತಿರುತ್ತದೆ. ಖಾಲಿ ಮನೆಗಳ ಬೀಗವನ್ನೂ ಅದೇ ದಿನ ಬದಲಿಸಿ.